ಹಗ್ಗ ಹಿಡಿದವನ ಗಾಯ

ಏಕಸಂಬಿಯಲ್ಲಿ ಹಿಂದಿ ತಿಳಿಯುವ ಕುರಿಗಳಿದ್ದವು. ನಾನು ಅಲ್ಲಿಯ ದನದ ದವಾಖಾನೆಗೆ ವೈದ್ಯಳಾಗಿ ಬಂದ ಹೊಸತು. ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತ ರಸ್ತೆಯಲ್ಲಿ ಒಂದು ಹಿಂಡು ನನ್ನ ಸ್ಕೂಟಿಗೆ ಅಡ್ಡ ಬಂತು. ಹಿಂದಿನಿಂದ ಯಾರೋ ‘ದಾಹಿನೇ ಮುಡ್’ ಎಂದು ಗುಡುಗಿದರು. ಹಿಂಡಿಗೆ ಹಿಂಡೇ ಬಲಕ್ಕೆ ಹೊರಳಿ ದಾರಿ ಬಿಟ್ಟಿತು. ನಾನು ಮಾತ್ರ ಗಾಬರಿಯಲ್ಲಿ ಎಡಕ್ಕೆ ಹೊರಳಿಸಿ ಕಬ್ಬಿನ ಒಣಗರಿಗಳ ರವದಿಯ ಮೇಲೆ ಬಿದ್ದೆ. ಕೆಂಪು ರುಮಾಲು, ಇಸ್ತ್ರಿ ಮಾಡಿದ ಖಾಕಿ ಅಂಗಿ, ಹೆಗಲ ಮೇಲೆ ಕರಿ ಕಂಬಳಿ. ಎಡಗಾಲು ಎಳೆಯುತ್ತ ಒಬ್ಬರು ಹಿರಿಯರು ಬಂದರು. ನನ್ನನ್ನು ಎಬ್ಬಿಸಲಿಲ್ಲ. ಮೊದಲು ಕುರಿಗಳ ಮೇಲೆ ಕಣ್ಣಾಡಿಸಿ, ಯಾವುದಕ್ಕೂ ಏನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ನನ್ನ ಕಡೆ ತಿರುಗಿ, ಕುರಿಗೆ ತಿಳಿದದ್ದು ಹೊಸ ಡಾಕ್ಟರ್ ಬಾಯಾರಿಗೆ ತಿಳಿಯಲಿಲ್ಲವೇ ಎಂದು ಕೇಳಿದರು. ಅವರೇ ಹವಾಲ್ದಾರ ಬೀರಪ್ಪ.

ನಾನು ತೆಲಸಂಗದ ಕಡೆಯವಳು. ನಮ್ಮ ಕಡೆ ಮಳೆ ಕಡಿಮೆ, ಬಾಯಿ ಜೋರು. ಮೈಮೇಲಿನ ರವದಿ ಝಾಡಿಸುತ್ತ, ಊರ ರಸ್ತೆಯೇನು ನಿಮ್ಮ ಪರೇಡ್ ಮೈದಾನವೇ ಎಂದು ನಾನೂ ಕೇಳಿದೆ. ಅವರು ಸಿಟ್ಟಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು. “ಬಾಯಾರು ಸಿಟ್ಟ ಮೂಗಿನ ತುದಿಮ್ಯಾಲ ಇಟಗೊಂಡ ತಿರಗತೀರಿ. ಜ್ವಾಕಿ, ಸೀನಿದ್ರ ಬಿದ್ದೀತು” ಎಂದರು. ಅಂದಿನಿಂದ ನಾನು ಅವರನ್ನು ಕಾಕಾ ಎಂದೆ, ಅವರ ಹೆಂಡತಿ ಮಾಯವ್ವನನ್ನು ಕಾಕು ಎಂದೆ. ಜಗಳದಿಂದ ಶುರುವಾದ ನಂಟು ಗಟ್ಟಿ ಇರುತ್ತದೆ ಎಂಬುದು ನನ್ನ ಅನುಭವ.

ಕಾಕಾ ಕುರುಬರ ಮನೆಯವರು. ಸೈನ್ಯಕ್ಕೆ ಸೇರಿದ ಮೇಲೂ ಅವರ ಕೈಗೆ ಬಂದದ್ದು ಬಂದೂಕಿಗಿಂತ ಹೆಚ್ಚಾಗಿ ಹಗ್ಗವೇ. ಗಾಡಿ ಹೋಗದ ಹಿಮದ ಗುಡ್ಡಗಳಿಗೆ ಮದ್ದು, ಗುಂಡು, ಹಿಟ್ಟು, ಸೀಮೆಎಣ್ಣೆ ಹೊರುವ ಹೇಸರಗತ್ತೆಗಳನ್ನು, ಸೈನ್ಯದ ಮಾತಿನಲ್ಲಿ ಖಚ್ಚರಗಳನ್ನು, ನಡೆಸುವ ಕೆಲಸ. ಅವರ ವಶದಲ್ಲಿದ್ದ ಹೇಸರಗತ್ತೆಗೆ ಸರಕಾರ ಕೊಟ್ಟದ್ದು ನಂಬರು, ಅವರು ಇಟ್ಟದ್ದು ರಾಣಿ ಎಂಬ ಹೆಸರು. ರಜೆಗೆ ಬಂದಾಗಲೆಲ್ಲ ರಾಣಿಯದೇ ಮಾತು. ಅದಕ್ಕೆ ಕಾಕು ಅದನ್ನು ‘ನನ್ನ ಸವತಿ’ ಎನ್ನುತ್ತಿದ್ದಳು. ನಿವೃತ್ತರಾಗಿ ಊರಿಗೆ ಬಂದು ಮತ್ತೆ ಕುರಿ ಹಿಡಿದರು. ದಿನಾ ನಸುಕಿನಲ್ಲಿ ಗಡ್ಡ ಹೆರೆದುಕೊಂಡು, ಅಂಗಿಯ ಗುಂಡಿಗಳನ್ನು ಕಾಲರಿನವರೆಗೂ ಹಾಕಿಕೊಂಡು ಕುರಿ ಕಾಯಲು ಹೊರಡುವ ಮನುಷ್ಯನನ್ನು ನಾನು ಬೇರೆ ಕಡೆ ನೋಡಿಲ್ಲ. ಮಧ್ಯಾಹ್ನ ಬೇವಿನ ಕೆಳಗೆ ‘ವಿಶ್ರಾಮ್’ ಎಂದರೆ ಕುರಿಗಳು ಮಲಗುತ್ತಿದ್ದವು. ಅವರೂ ಎಡಗಾಲನ್ನು ಎರಡೂ ಕೈಯಿಂದ ಎತ್ತಿ, ಬೇರೆಯವರ ಸಾಮಾನು ಇಡುವ ಹಾಗೆ ಜೋಪಾನವಾಗಿ ಇಟ್ಟುಕೊಂಡು ಕೂರುತ್ತಿದ್ದರು.

ಒಮ್ಮೆ ಮುಳ್ಳುತಂತಿಗೆ ಸಿಕ್ಕಿಬಿದ್ದ ಮರಿಯೊಂದನ್ನು ಎತ್ತಿಕೊಂಡು ದವಾಖಾನೆಗೆ ಬಂದರು. ಮರಿಯ ಕಾಲು ತರಚಿತ್ತು, ಅಷ್ಟೇ. ಆದರೆ ಅದನ್ನು ಬಿಡಿಸಲು ಹೋಗಿ ಕಾಕಾನ ಅಂಗೈ ಸೀಳಿ ರಕ್ತ ಮೊಣಕೈಯವರೆಗೆ ಇಳಿದಿತ್ತು. ನಾನು ಹತ್ತಿ ತೆಗೆದುಕೊಂಡು ಅವರ ಕೈ ಹಿಡಿಯಲು ಹೋದರೆ ಸಿಡುಕಿದರು. “ಮೊದಲ ಅದನ್ನ ನೋಡ್ರಿ ಬಾಯಾರ. ಅದಕ್ಕ ಬಾಯಿಲ್ಲ. ನನಗೇನ, ಬಾಯಿ ಐತಿ, ಆಮ್ಯಾಲ ಹೇಳಕೋತೀನಿ.” ಅದು ಅವರೊಬ್ಬರ ಹಟವಲ್ಲ. ಕುರಿ ಸಾಕುವ ಮನೆಗಳಲ್ಲಿ ಅದು ರೂಢಿ. ರಾಯಬಾಗದ ಕಡೆ ಕೊಟ್ಟ ಅವರ ಹೆಣ್ಣುಮಕ್ಕಳು ಫೋನು ಮಾಡಿದರೂ ಮೊದಲು ಕೇಳುವುದು ಕುರಿ ಹೆಂಗದಾವ ಎಂದು. ಅಪ್ಪನ ಆರೋಗ್ಯ ಆಮೇಲೆ. ಯುದ್ಧದಲ್ಲಿ ಗಾಯವಾಗಿ ದೊಡ್ಡಾಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿ ಎದ್ದು ಬಂದ ಕಾಕಾನನ್ನೂ ಅವರ ತಂದೆ ಬಾಗಿಲಲ್ಲಿ ನಿಲ್ಲಿಸಿ ಮೊದಲು ಕೇಳಿದ್ದೇ ಖಚ್ಚರ ಉಳೀತೇನೋ ಎಂದಂತೆ. ಕಾಕು ಇದನ್ನು ಹೇಳಿ ಮುದುಕನಿಗೆ ಇವತ್ತಿಗೂ ಶಾಪ ಹಾಕುತ್ತಾಳೆ.

ಆ ಗಾಯದ ಕಥೆಯನ್ನು ಕಾಕಾ ಹೇಳುತ್ತಿದ್ದದ್ದೂ ಹಾಗೆಯೇ. ಗಡಿಯ ಗುಡ್ಡದಲ್ಲಿ ಕಾಳಗ ನಡೆದಿತ್ತು. ಮದ್ದು ಹೊತ್ತ ರಾಣಿಯ ಹಗ್ಗ ಹಿಡಿದು ಇವರು ಮುಂದೆ. ಆಚೆಯಿಂದ ತೋಪಿನ ಗುಂಡು ಬಂದು ಪಕ್ಕದಲ್ಲೇ ಸಿಡಿಯಿತು. ರಾಣಿಯ ಹೊಟ್ಟೆ ಹೇಗೆ ಹರಿಯಿತು, ಅದು ಹೇಗೆ ಕೂಗಿತು, ಬೀಳುವಾಗಲೂ ಹೇಗೆ ಕಣಿವೆಯ ಕಡೆ ಉರುಳದೆ ಇವರ ಕಡೆಗೇ ವಾಲಿತು ಎಂದು ಎಳೆಎಳೆಯಾಗಿ ಹೇಳುತ್ತಿದ್ದರು. ತಮ್ಮ ಸೊಂಟದಲ್ಲಿ ಕಬ್ಬಿಣದ ಚೂರುಗಳು ಹೊಕ್ಕದ್ದು ಕೊನೆಗೆ, ಚಹಾದ ಬಟ್ಟಲು ತೊಳೆಯುವಾಗ ನೆನಪಾದರೆ ಒಂದು ಮಾತು. ದೊಡ್ಡ ಚೂರುಗಳನ್ನು ವೈದ್ಯರು ತೆಗೆದಿದ್ದರು. ಎಲುಬಿಗೆ ಅಂಟಿದ್ದ ಸಣ್ಣದೊಂದನ್ನು ತೆಗೆಯಲು ಹೋದರೆ ಕಾಲೇ ಹೋದೀತೆಂದು ಹಾಗೇ ಬಿಟ್ಟಿದ್ದರು. ಚಳಿಗಾಲದಲ್ಲಿ ಅದು ನೋಯುತ್ತಿತ್ತು. ನೋವಿನ ಬಗ್ಗೆ ಅವರು ಯಾರ ಹತ್ತಿರವೂ ದೂರಿದ್ದು ನಾನು ಕೇಳಿಲ್ಲ.

ಈಗ ಚಿಕ್ಕೋಡಿಯ ಆ ದರಿದ್ರ ಸಮಾರಂಭದ ಮಾತು. ಯಾವುದೋ ಸಂಘದವರು ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಕಾಕಾನಿಗೂ ಫೋನು ಮಾಡಿ ಕರೆದರು. ಕಾಕು ಇಳಕಲ್ ಸೀರೆ ಉಟ್ಟಳು, ಕಾಕಾ ಪದಕಗಳನ್ನು ತಿಕ್ಕಿ ತೊಳೆದು ಎದೆಗೆ ಚುಚ್ಚಿಕೊಂಡರು, ನಾನು ರಜೆ ಹಾಕಿ ಜೊತೆಗೆ ಹೋದೆ. ಹೆಸರು ಕರೆದರು. ಕಾಕಾ ಆ ಕಾಲಿನಿಂದಲೇ ವೇದಿಕೆಯ ಮೆಟ್ಟಿಲು ಹತ್ತಿ ನೆಟ್ಟಗೆ ನಿಂತರು. ಶಾಲು ಬಿಚ್ಚಿದ್ದಾಗಿತ್ತು. ಅಷ್ಟರಲ್ಲಿ ಯಾರೋ ಬಂದು ಮೈಕು ಹಿಡಿದವನ ಕಿವಿಯಲ್ಲಿ ಏನೋ ಉಸುರಿದ. ಬಿಚ್ಚಿದ ಶಾಲನ್ನು ಮತ್ತೆ ಮಡಿಚಿದರು. ಮೈಕಿನವನು ಹಲ್ಲು ಬಿಡುತ್ತ ಹೇಳಿದ: “ಇವರದು ಯುದ್ಧದ ಗಾಯ ಅಲ್ಲಂತ. ಸರಕಾರಿ ಕಾಗದದಾಗ ಕತ್ತಿ ಮೈಮ್ಯಾಲ ಬಿದ್ದು ಪೆಟ್ಟಾತು ಅಂತ ಐತಂತ. ಇರ್ಲಿ, ಇವರಿಗೂ ಒಂದ ಚಪ್ಪಾಳಿ ತಟ್ಟರಿ.” ನಮ್ಮ ಕಡೆ ಕತ್ತೆಗೆ ಕತ್ತಿ ಎನ್ನುತ್ತಾರೆ. ಜನ ಚಪ್ಪಾಳೆ ತಟ್ಟಲಿಲ್ಲ, ನಕ್ಕರು. ಕಾಕಾ ಆ ಮೆಟ್ಟಿಲುಗಳನ್ನು ಒಬ್ಬರೇ ಇಳಿದರು. ಹತ್ತುವುದಕ್ಕಿಂತ ಇಳಿಯುವುದು ಅವರಿಗೆ ಕಷ್ಟ. ಅಷ್ಟು ದೊಡ್ಡ ವೇದಿಕೆಯಲ್ಲಿ ಅಷ್ಟು ಹಾರ ಹಾಕಿಕೊಂಡು ಕೂತ ದೊಡ್ಡವರಲ್ಲಿ ಒಬ್ಬನಾದರೂ ಎದ್ದು ಕೈ ಕೊಡಲಿಲ್ಲ. ಅವರ ಮುಖಕ್ಕೆ ಬೆಂಕಿ ಹಾಕ. ಇಂದಿಗೂ ಆ ಸಭಾಗೃಹದ ಮುಂದೆ ಹಾಯುವಾಗ ನನ್ನ ಮೈ ಉರಿಯುತ್ತದೆ.

ಸುದ್ದಿ ನಮಗಿಂತ ಮೊದಲೇ ಏಕಸಂಬಿ ಮುಟ್ಟಿತ್ತು. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಊರ ಉಸಾಬರಿ ಮಾಡುವ ಮಂದಿ ‘ಕತ್ತಿ ಹವಾಲ್ದಾರ’ ಎಂದು ಹೆಸರಿಟ್ಟರು. ಕಾಕಾ ಹಿಂದಿ ಬಿಟ್ಟರು. ಕುರಿಗಳನ್ನು ಬರೀ ಸಿಳ್ಳು ಹಾಕಿ ಹೊಡೆಯತೊಡಗಿದರು. ಆ ಬಡಪಾಯಿ ಜೀವಗಳಿಗೆ ಸಿಳ್ಳೆಲ್ಲಿ ತಿಳಿಯಬೇಕು? ಕಂಡವರ ಕಬ್ಬಿಗೆ ನುಗ್ಗಿದವು, ಕಾಕಾ ಕಂಡವರಿಂದ ಬೈಸಿಕೊಂಡರು. ಒಂದು ದಿನ ದವಾಖಾನೆಗೆ ಬಂದು, ಕೈಯಲ್ಲಿ ಕುರಿಯಿಲ್ಲ, ಮರಿಯಿಲ್ಲ, ನನ್ನೆದುರು ನಿಂತರು. “ಬಾಯಾರ, ಆ ದಾಖಲಾ ತಿದ್ದಸಬೇಕರಿ. ನನಗ ರೊಕ್ಕಾ ಬ್ಯಾಡ. ಪಿಂಚಣಿ ಬರತೈತಿ, ಕುರಿ ಅದಾವು. ಗಾಯಕ್ಕ ಗಾಯ ಅಂತ ಬರೀಲಿ, ಸಾಕು.”

ಆ ತಪ್ಪು ಹೇಗಾಯಿತು ಎಂದು ಕೇಳಿದಾಗ ನನಗೆ ಮೊದಲು ಸಿಟ್ಟು ಬಂದದ್ದು ಅವರ ಮೇಲೆಯೇ. ಅವರನ್ನು ಸ್ಟ್ರೆಚರಿನಲ್ಲಿ ಹಾಕಿಕೊಂಡು ತಂದಾಗ ಅರ್ಧ ಎಚ್ಚರವಿತ್ತಂತೆ. ಬರೆದುಕೊಳ್ಳುವ ಗುಮಾಸ್ತ ಬಂದು ಏನಾಯಿತು ಎಂದು ಕೇಳಿದ. ಇವರು ರಾಣಿಯಿಂದ ಶುರು ಮಾಡಿದರು. ಗುಂಡು ಸಿಡಿದದ್ದು ರಾಣಿಗೆ, ಹೊಟ್ಟೆ ಹರಿದದ್ದು ರಾಣಿಗೆ, ಒದ್ದಾಡಿದ್ದು ರಾಣಿ. ಅವನು ಬೇಸತ್ತು, ನಿನಗೇನಾಯಿತು ಹೇಳು ಎಂದ. ‘ಖಚ್ಚರ ಮೈಮೇಲೆ ಬಿತ್ತು’ ಎಂದು ಹೇಳಿ ಇವರು ಎಚ್ಚರ ತಪ್ಪಿದರು. ಅವನು ಅಷ್ಟನ್ನೇ ಬರೆದ. ಮುಂದಿನ ಆಸ್ಪತ್ರೆಯವರು ಅದನ್ನೇ ನಕಲು ಮಾಡಿದರು, ಅದರ ಮುಂದಿನವರು ಆ ನಕಲಿನ ನಕಲು. ನಿವೃತ್ತಿಯ ಕಾಗದದಲ್ಲೂ ಅದೇ ಬಂತು. ಕಾಕಾ ತಮ್ಮ ಹೆಸರು ಸರಿಯಿದೆಯೇ ಎಂದಷ್ಟೇ ನೋಡಿ ಸಹಿ ಮಾಡಿದ್ದರು.

ಸೊಂಟದಲ್ಲಿ ಕಬ್ಬಿಣ ಹೊಕ್ಕಿದೆ ಎಂದು ಹೇಳಲು ನಿಮ್ಮ ಬಾಯಿಗೇನಾಗಿತ್ತು ಎಂದು ನಾನು ಕೂಗಾಡಿದೆ. ಅವರು ನನ್ನನ್ನು ತಿಳಿಗೇಡಿಯನ್ನು ನೋಡುವ ಹಾಗೆ ನೋಡಿದರು. “ನನ್ನ ಸ್ವಾಂಟ ಡಾಕ್ಟರು ನೋಡಾಕತ್ತಿದ್ರಲ್ರಿ. ರಾಣಿನ್ನ ನೋಡವರು ಯಾರಿದ್ರು?”

ನಾನು ಇಂಗ್ಲಿಷಿನಲ್ಲಿ ಅರ್ಜಿ ಬರೆದೆ. ಸೈನಿಕರ ದಾಖಲೆ ಇಡುವ ಆ ಕಚೇರಿಯ ಹೆಸರು ಹೇಳುವುದಿಲ್ಲ, ಹೇಳಿದರೆ ಬಾಯಿ ಹೊಲಸಾಗುತ್ತದೆ. ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಯ ಕಾಗದ ತನ್ನಿ ಎಂದರು. ಆಸ್ಪತ್ರೆಗೆ ಬರೆದರೆ, ಹಳೆಯ ಕಾಗದಗಳನ್ನು ನಿಯಮದಂತೆ ನಾಶ ಮಾಡಿದ್ದೇವೆ ಎಂದರು. ಹಾಗಾದರೆ ಸೊಂಟವನ್ನೇ ನೋಡಿ ಎಂದು ನಿಪ್ಪಾಣಿಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿ ಕಳಿಸಿದೆ. ಎಲುಬಿನ ಪಕ್ಕದಲ್ಲಿ ಜೋಳದ ಕಾಳಿನಷ್ಟು ಬಿಳಿಯ ಚುಕ್ಕೆ, ಕುರುಡನಿಗೂ ಕಾಣುವ ಹಾಗಿತ್ತು. ಆ ಲೋಹ ಬೇರೆ ಕಾಲದಲ್ಲಿ, ಬೇರೆ ಕಾರಣದಿಂದ ಸೇರಿರಬಹುದು ಎಂದು ಉತ್ತರ ಬಂತು. ಏಕಸಂಬಿಯ ಕುರಿಹಟ್ಟಿಯ ಮೇಲೆ ಯಾವ ದೇಶ ತೋಪು ಹಾರಿಸಿತ್ತೋ ಅವರೇ ಹೇಳಬೇಕು. ಕೇಳಿದ್ದನ್ನೇ ಕೇಳಿದೆ, ಕಳಿಸಿದ್ದನ್ನೇ ಕಳಿಸಿದೆ. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ಅನ್ನುತ್ತಾರೆ. ಎಮ್ಮೆಗಳ ವೈದ್ಯಳಾಗಿ ಹೇಳುತ್ತೇನೆ, ಮಳೆ ಸುರಿದರೆ ಎಮ್ಮೆ ಕಿವಿಯನ್ನಾದರೂ ಅಲ್ಲಾಡಿಸುತ್ತದೆ.

ದಾರಿ ಹೊಳೆದದ್ದು ನನ್ನ ಕಸುಬಿನಿಂದಲೇ. ಒಬ್ಬರ ಎಮ್ಮೆ ಸತ್ತಿತ್ತು. ವಿಮೆಗೆಂದು ನಾನು ಮರಣದ ಪ್ರಮಾಣಪತ್ರ ಬರೆಯುತ್ತಿದ್ದೆ: ಯಾವ ಪ್ರಾಣಿ, ಬಣ್ಣವೇನು, ಗುರುತೇನು, ಮಾಲೀಕರಾರು, ಏತರಿಂದ ಸತ್ತಿತು. ಬರೆಯುತ್ತ ಬರೆಯುತ್ತ ಕೈ ನಿಂತಿತು. ರೈತನ ಎಮ್ಮೆಗೇ ಇಷ್ಟು ಬೇಕಾದರೆ ಸರಕಾರದ ಹೇಸರಗತ್ತೆ ಸುಮ್ಮನೆ ಸಾಯಲಾದೀತೇ? ಕಾಕಾನನ್ನು ಕರೆಸಿ ಕೇಳಿದೆ. ಅವರು ಅದೇನು ಹೊಸ ಮಾತು ಎಂಬಂತೆ, “ಬರದಾರಲ್ರಿ. ನಾನ ಸಾಕ್ಷಿ ಹೇಳೀನಿ, ದವಾಖಾನ್ಯಾಗ ಮಲಕೊಂಡು” ಎಂದರು. ಇಷ್ಟು ದಿನ ಏಕೆ ಹೇಳಲಿಲ್ಲ ಎಂದರೆ, ನೀವು ಕೇಳಿದ್ದು ನನ್ನ ಕಾಗದ, ರಾಣಿಯದಲ್ಲ ಎಂಬ ಉತ್ತರ. ಹಣೆ ಹಣೆ ಬಡಿದುಕೊಂಡೆ.

ನನ್ನ ಜೊತೆ ಓದಿದವನೊಬ್ಬ ಸೈನ್ಯದಲ್ಲಿ ಪಶುವೈದ್ಯನಾಗಿದ್ದಾನೆ. ಅವನು ಕಾಡಿ ಬೇಡಿ ಅದರ ಅಧಿಕೃತ ಪ್ರತಿ ಕಳಿಸಿಕೊಟ್ಟ. ಎಲ್ಲವೂ ಇತ್ತು. ರಾಣಿಯ ನಂಬರು, ಬಣ್ಣ, ಜಾಗ, ದಿನ. ಶತ್ರುವಿನ ತೋಪಿನ ಗುಂಡಿನ ಚೂರುಗಳಿಂದ ಸಾವು. ಆಗ ಹಗ್ಗ ಹಿಡಿದು ನಡೆಸುತ್ತಿದ್ದವನು ಬೀರಪ್ಪ. ನಾನು ದವಾಖಾನೆಯಲ್ಲೇ ಕುಣಿದಾಡಿದೆ. ಓದಿ ಹೇಳಿದಾಗ ಕಾಕಾ ರುಮಾಲು ತೆಗೆದು ಕಣ್ಣೊರೆಸಿಕೊಂಡರು. ಪಾಪ, ರಾಣಿಯದು ಸರಿಯಾಗಿ ಬರೆದಿದ್ದಾರೆ ಎಂದರು. ತಮ್ಮದು ನೆನಪೇ ಆಗಲಿಲ್ಲ ಅವರಿಗೆ.

ಆ ಪ್ರತಿ ಹಿಡಿದುಕೊಂಡು ಇಬ್ಬರೂ ಕಚೇರಿಗೇ ಹೋದೆವು. ರಾತ್ರಿಯೆಲ್ಲ ಬಸ್ಸಿನಲ್ಲಿ ಆ ಕಾಲು ಮಡಚಲಾಗದೆ ಕಾಕಾ ನಿಂತೇ ಬಂದರು. ಅಧಿಕಾರಿ ಒಳ್ಳೆಯ ಮಾತಿನವನು. ಕೂರಿಸಿದ, ಚಹಾ ತರಿಸಿದ, ನಮ್ಮ ಕಡೆಯ ಮಳೆಬೆಳೆ ವಿಚಾರಿಸಿದ. ಕಾಗದ ಓದಿ ನಯವಾಗಿ ಬದಿಗಿಟ್ಟ. ಇದು ಪ್ರಾಣಿಗೆ ಸಂಬಂಧಿಸಿದ್ದು ಮೇಡಂ, ಪ್ರಾಣಿ ಯುದ್ಧದಲ್ಲಿ ಸತ್ತಿದೆ ಎಂಬುದನ್ನು ನಾವು ಒಪ್ಪುತ್ತೇವೆ, ವ್ಯಕ್ತಿಯದು ಬೇರೆ ಫೈಲು ಎಂದ. ನನ್ನ ಸಿಟ್ಟು ನೆತ್ತಿಗೇರಿತು. ಇವರ ಕೈಯಲ್ಲಿದ್ದದ್ದು ಒಂದು ಮಾರು ಹಗ್ಗ. ಹಗ್ಗದ ಆ ತುದಿಗೆ ಯುದ್ಧ, ಈ ತುದಿಗೆ ಅಪಘಾತವೇ ಎಂದು ಕೇಳಿದೆ. ಪಕ್ಕದ ಕೋಣೆಯವರು ಇಣುಕಿ ನೋಡುವಷ್ಟು ಜೋರಾಗಿ ಕೇಳಿದೆನಂತೆ. ಕಾಕಾ ಮೇಜಿನ ಕೆಳಗೆ ನನ್ನ ಕಾಲು ತುಳಿದರು.

ಅಧಿಕಾರಿ ಸಿಟ್ಟಾಗಲಿಲ್ಲ. ದಾರಿಯಿದೆ ಎಂದ. ‘ಅಂದು ನಾನು ಕೊಟ್ಟ ಹೇಳಿಕೆ ತಪ್ಪು. ಹೇಸರಗತ್ತೆ ನನ್ನ ಮೇಲೆ ಬೀಳಲಿಲ್ಲ. ನನಗೆ ತೋಪಿನ ಗುಂಡಿನಿಂದ ಮಾತ್ರ ಗಾಯವಾಯಿತು’ ಎಂದು ಪ್ರಮಾಣ ಮಾಡಿ ಬರೆದುಕೊಡಲಿ. ಹಳೆಯ ಹೇಳಿಕೆ ರದ್ದಾಗುತ್ತದೆ, ದಾಖಲೆ ತಿದ್ದುತ್ತೇವೆ. ಎರಡೂ ಕಾರಣ ಬರೆದರೆ ಮತ್ತೆ ವಿಚಾರಣೆ, ಮತ್ತೆ ಮಂಡಳಿ. ಒಂದೇ ಬರೆದರೆ ಕೂಡಲೇ ಕೆಲಸ. ಬರೆದ ಹಾಳೆಯನ್ನೂ ತರಿಸಿ ಮುಂದಿಟ್ಟ, ಪೆನ್ನನ್ನೂ ಕೊಟ್ಟ. ಅಷ್ಟು ಸುಲಭವಾಗಿ ಕೆಲಸವಾಗುತ್ತದೆಯೆಂದು ನನಗೆ ಜೀವ ಹಗುರಾಯಿತು. ಕಾಕಾ ಪೆನ್ನು ಹಿಡಿದು ನನ್ನಿಂದ ಆ ಹಾಳೆಯನ್ನು ಓದಿಸಿ ಕೇಳಿದರು. ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು. “ಬಿದ್ದದ್ದು ಖರೇ ಐತಲ್ರಿ ಸಾಹೇಬ್ರ” ಎಂದು ಹೇಳಿ ಎದ್ದು ಸೆಲ್ಯೂಟು ಹೊಡೆದು ಹೊರಗೆ ಬಂದುಬಿಟ್ಟರು.

ವಾಪಸು ಬರುವಾಗ ದಾರಿಯ ಚಹಾದಂಗಡಿಯ ಮುಂದೆ ನಾನು ಅವರನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಒಂದು ಸಹಿ. ಒಂದೇ ಒಂದು ಸಹಿಗೆ ಎಲ್ಲ ಮುಗಿಯುತ್ತಿತ್ತು. ಯಾರಿಗೆ ನಷ್ಟ, ಸತ್ತುಹೋದ ಖಚ್ಚರ ಬಂದು ಕೇಳುತ್ತದೆಯೇ ಎಂದೆ. ನನ್ನ ಬಾಯಿಗೆ ಬಂದದ್ದೆಲ್ಲ ಮುಗಿದ ಮೇಲೆ ಅವರು ಮೆಲ್ಲಗೆ ಮಾತಾಡಿದರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

“ತೋಪಿನ ಗೋಳಾ ಒಂದ ಬಿದ್ದು ನಿಂದ್ರಲಿಲ್ರಿ ಬಾಯಾರ. ರಾಣಿ ನನ್ನ ಮ್ಯಾಲ ಬಿದ್ದ ಮ್ಯಾಲೂ ಗೋಳಾ ಬಿದ್ವು. ನಾ ಅದರ ಬುಡಕ ಇದ್ನಿ. ಚೂರು ಬಂದ್ ಬಂದ್ ಅದಕ್ಕ ಹತ್ತತಿದ್ವು. ಪ್ರತಿಯೊಂದಕ್ಕೂ ಅದರ ಮೈ ಝಲ್ ಅಂತಿತ್ತು, ನನಗ ಗೊತ್ತಾಕ್ಕಿತ್ತು. ಅದು ಬೀಳಲಿಲ್ಲ ಅಂತ ಬರದ ಕೊಟ್ರ ಅವೆಲ್ಲಾ ಯಾರ ಮೈಯಾಗ ಹೊಕ್ವು? ನನಗ ಗಾಯ ಆಗಿದ್ದು ಖರೇ. ಅದು ಬಿದ್ದದ್ದೂ ಖರೇ. ಎರಡೂ ಬರೀಲಿ.”

ನನ್ನ ಚಹಾ ಆರಿಹೋಗಿತ್ತು. ಸಿಟ್ಟೇನೋ ಇಳಿಯಲಿಲ್ಲ, ಆದರೆ ಅದು ಅವರನ್ನು ಬಿಟ್ಟು ಬೇರೆ ಕಡೆ ತಿರುಗಿತು. ಮನೆಗೆ ಬಂದು ಹೇಳಿದಾಗ ಕಾಕು ಸಿಟ್ಟಿನಲ್ಲಿ ರೊಟ್ಟಿಯನ್ನು ಇನ್ನಷ್ಟು ಜೋರಾಗಿ ಬಡಿಯತೊಡಗಿದಳು. ಸತ್ತು ಇಷ್ಟು ವರ್ಷವಾದರೂ ಸವತಿಯೇ ಗೆದ್ದಳು ಎಂದು ಒಲೆಗೆ ಹೇಳಿದಳು. ಕಾಕಾ ಮರುದಿನ ಹಿಂಡು ಹೊಡೆದುಕೊಂಡು ಬಸ್‌ಸ್ಟ್ಯಾಂಡಿನ ಮುಂದಿನಿಂದಲೇ ಹೋದರು, ಕಟ್ಟೆಯ ಮೇಲಿನವರಿಗೆ ಕೇಳಿಸುವ ಹಾಗೆ ‘ತೇಜ್ ಚಲ್’ ಎನ್ನುತ್ತ. ಎರಡನ್ನೂ ಬರೆದು ನಾನು ಮತ್ತೆ ಮತ್ತೆ ಅರ್ಜಿ ಕಳಿಸಿದೆ. ಸೂಕ್ತ ನಮೂನೆಯಲ್ಲಿ ಇಲ್ಲ ಎಂದು ಅವು ಮತ್ತೆ ಮತ್ತೆ ತಿರುಗಿ ಬಂದವು.

ಈ ಸಲದ ಚಳಿಯಲ್ಲಿ ಕಾಗವಾಡದ ಒಬ್ಬರು ಗೊಬ್ಬರಕ್ಕೆಂದು ತಮ್ಮ ದ್ರಾಕ್ಷಿತೋಟದ ಪಕ್ಕದ ಹೊಲದಲ್ಲಿ ಕುರಿ ಕೂಡಿಸಿಕೊಂಡಿದ್ದರು. ಕಾಕಾ ಹಿಂಡಿನ ಜೊತೆ ಬಯಲಲ್ಲೇ ಮಲಗಿದರು. ಎದೆಯಲ್ಲಿ ಕಫ ಕಟ್ಟಿತು. ಮಿರಜಿನ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ತಿಳಿದು ನಾನು ಓಡಿದೆ. ಮೂಗಿಗೆ ನಳಿಗೆ ಹಾಕಿದ್ದರು. ನನ್ನನ್ನು ಕಂಡವರೇ ಎರಡು ಕುರಿ ಕೆಮ್ಮುತ್ತಿವೆ, ಇಲ್ಲಿ ಕೂತು ಏನು ಮಾಡುತ್ತೀರಿ, ಕಾಗವಾಡಕ್ಕೆ ಹೋಗಿ ಎಂದು ಗದರಿದರು. ಹೋಗುತ್ತೇನೆ ಎಂದು ಮಾತು ಕೊಟ್ಟ ಮೇಲೆ ನನ್ನ ಕೈ ಹಿಡಿದರು. “ಆ ಅರ್ಜಿ ಇನ್ನೊಮ್ಮಿ ಬರೀರಿ ಬಾಯಾರ. ಬಿಡಬ್ಯಾಡ್ರಿ. ಆದ್ರ ಸುಳ್ಳ ಬರೀಬ್ಯಾಡ್ರಿ.” ನಾನು ಕಾಗವಾಡಕ್ಕೆ ಹೋಗಿ ಕುರಿಗಳಿಗೆ ಸೂಜಿ ಹಾಕಿದೆ. ಕುರಿ ಉಳಿದವು. ಕಾಕಾ ಉಳಿಯಲಿಲ್ಲ.

ದೇಹವನ್ನು ಏಕಸಂಬಿಗೆ ತಂದರು. ಮೈ ತೊಳೆಯುವಾಗ ಕಾಕು ನನ್ನನ್ನು ಒಳಗೆ ಕರೆದಳು. ಅತ್ತಿರಲಿಲ್ಲ. ನನ್ನ ಬೆರಳನ್ನು ಹಿಡಿದು ಅವರ ಎಡ ಸೊಂಟದ ಮೇಲೆ, ಹಳೆಯ ಹೊಲಿಗೆಯ ಗುರ್ತುಗಳ ಮಗ್ಗುಲಲ್ಲಿ ಒತ್ತಿದಳು. ಚರ್ಮದ ಕೆಳಗೆ ಗಟ್ಟಿಯಾಗಿ ಕಾಳಿನಂಥದ್ದು ತಾಗಿತು. “ಹತ್ತಿತೇನ್ರಿ ಕೈಗೆ?” ಎಂದಳು. ಹೂಂ ಎಂದೆ. “ನೀವು ಡಾಕ್ಟರ ಅದೀರಿ. ಬರದ ಕೊಡ್ರಿ.” ನಾನು ದನಗಳ ವೈದ್ಯಳು ಕಾಕು, ಮನುಷ್ಯರದು ನಾನು ಬರೆದರೆ ನಡೆಯುವುದಿಲ್ಲ ಎಂದೆ. ಆಕೆಯ ಕಣ್ಣು ಕೆಂಪಾಯಿತು. “ಆ ಸರಕಾರ ನಂಬಿದ್ದು ದನದ ಡಾಕ್ಟರ್ ಬರದದ್ದನ್ನ ಅಷ್ಟ. ನನ್ನ ಸವತಿಗಿ ಬರದಂಗ ಇವರಿಗೂ ಬರೀರಿ.”

ಹೊಲದಲ್ಲಿ ಮಣ್ಣು ಮಾಡಿ ಬಂದ ಮೇಲೆ ನಾನು ದವಾಖಾನೆಯ ಬೀಗ ತೆಗೆದೆ. ಸತ್ತ ದನಕ್ಕೆ ಬರೆಯುವ ಪ್ರಮಾಣಪತ್ರ ತೆಗೆದು, ಪ್ರಾಣಿ ಎಂಬಲ್ಲಿ ಮನುಷ್ಯ ಎಂದು ಬರೆದೆ. ಗುರುತು: ಎಡ ಸೊಂಟದಲ್ಲಿ ಹಳೆಯ ಗಾಯ, ಒಳಗೆ ಲೋಹದ ಚೂರು, ಕೈಗೆ ತಾಗುತ್ತದೆ. ಗಾಯದ ಕಾರಣ: ಶತ್ರುವಿನ ತೋಪಿನ ಗುಂಡು, ಅದೇ ಗುಂಡಿಗೆ ಬಲಿಯಾದ ಹೇಸರಗತ್ತೆ ಇವರ ಮೈಮೇಲೆ ಬಿದ್ದದ್ದೂ ನಿಜ. ಮಾಲೀಕರು ಎಂಬಲ್ಲಿ ಭಾರತ ಸರಕಾರ ಎಂದು ಬರೆದೆ. ಸಹಿ ಹಾಕಿ, ದುಂಡನೆಯ ಸಿಕ್ಕಾ ಒತ್ತಿ, ಅದೇ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಇದು ತಪ್ಪೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಅಲ್ಲಿಂದ ನನ್ನ ಇಲಾಖೆಗೆ ದೂರು ಹೋಯಿತು, ಇಲಾಖೆಯಿಂದ ನನಗೆ ನೋಟೀಸು ಬಂತು. ಕಾಕು ಓದಿ ಹೇಳಿರಿ ಎಂದಳು. ‘ಮಾಜಿ ಹವಾಲ್ದಾರ ಬೀರಪ್ಪ ಇವರ ಎಡ ಸೊಂಟದ ಗಾಯವು ಶತ್ರುವಿನ ತೋಪಿನ ಗುಂಡಿನಿಂದ ಆದದ್ದೆಂದು ತಾವು ಸರಕಾರಿ ನಮೂನೆಯಲ್ಲಿ ಅಧಿಕಾರವಿಲ್ಲದೆ ಪ್ರಮಾಣೀಕರಿಸಿದ್ದು...’ ಎಂದು ಓದುತ್ತಿದ್ದೆ. ಆಕೆ ಕೈ ಎತ್ತಿ ನಿಲ್ಲಿಸಿ, ಆ ಸಾಲನ್ನು ಮತ್ತೆ ಓದಿಸಿದಳು.

“ಸರಕಾರದ ಸಿಕ್ಕಾ ಐತೇನ್ರಿ ಅದಕ್ಕ?”

“ಐತಿ.”

“ಸಾಹೇಬರ ಸಹಿ?”

“ಐತಿ ಕಾಕು. ಆದ್ರ ಇದು ಒಪ್ಪಿ ಬರದದ್ದಲ್ಲ. ನನ್ನ ಬೈದು ಬರದದ್ದು.”

“ಬೈದಾದ್ರೂ ಬರದ್ರಲ್ರಿ ಬಾಯಾರ” ಎಂದಳು. ಅಲ್ಲಿಯವರೆಗೆ ಬಿಗಿಹಿಡಿದಿದ್ದವಳು ಆಗ ಅತ್ತಳು.

ನೋಟೀಸಿಗೆ ಉತ್ತರ ಕೊಡುವ ಗಡುವು ಮುಗಿಯುತ್ತ ಬಂದಿದೆ. ನನ್ನ ಮೇಲಧಿಕಾರಿ ಒಳ್ಳೆಯವರು, ದಿನಾ ಫೋನು ಮಾಡುತ್ತಾರೆ. ದುಃಖದ ಭರದಲ್ಲಿ ತಪ್ಪಾಗಿ ಬರೆದೆ, ನಾನು ಬರೆದದ್ದು ನಿಜವಲ್ಲ ಎಂದು ಒಂದು ಸಾಲು ಬರೆದುಕೊಟ್ಟರೆ ಇಲ್ಲಿಗೇ ಮುಗಿಸುತ್ತೇವೆ, ಇಲ್ಲದಿದ್ದರೆ ನೌಕರಿಗೆ ಕುತ್ತು ಎನ್ನುತ್ತಾರೆ. ಹಾಳೆಯನ್ನೂ ಅವರೇ ಟೈಪು ಮಾಡಿಸಿ ಕಳಿಸಿದ್ದಾರೆ, ನಾನು ಸಹಿಯೊಂದು ಹಾಕಿದರೆ ಸಾಕಂತೆ. ಹಾಕುವುದಿಲ್ಲ.